ಪ್ರತಿ ಬೇಸಿಗೆ ಹಿನ್ನೀರಿಗೆ ಹೋಗುತ್ತಿದ್ದೆವು, ಈ ಸಲ ಭಯವಾಗುತ್ತಿದೆ

ಪ್ರಶ್ನೆ: ನನ್ನ ಗಂಡನ ಊರು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಅಂಚಿಗೇ ಇದೆ. ನಾವಿರುವುದು ಬೆಂಗಳೂರಿನಲ್ಲಿ. ಮಕ್ಕಳಿಗೆ ರಜೆ ಸಿಕ್ಕ ಕೂಡಲೇ, ಪ್ರತಿ ವರ್ಷ ಏಪ್ರಿಲ್ ಕೊನೆಗೆ ಅಲ್ಲಿಗೆ ಹೋಗುತ್ತೇವೆ. ಭಾವ, ಮೈದುನ, ನಾದಿನಿ, ಅವರ ಮಕ್ಕಳು ಎಲ್ಲ ಸೇರಿದರೆ ಮನೆ ತುಂಬ ಜನ. ಸಂಜೆಯಾದರೆ ಎಲ್ಲರೂ ಹೊಳೆಗೆ. ಹೋದ ವರ್ಷ ನನ್ನ ಮಗ (ಆಗ ಒಂಬತ್ತು ವರ್ಷ) ಸೊಂಟದಷ್ಟು ನೀರಿನಲ್ಲಿ ಆಡುತ್ತಿದ್ದವನು ಇದ್ದಕ್ಕಿದ್ದಂತೆ ಕಾಣಲಿಲ್ಲ. ಹತ್ತಿರವೇ ಇದ್ದ ಮೈದುನ ಕೂದಲು ಹಿಡಿದು ಎಳೆದ. ಒಂದು ಕೂಗೂ ಕೇಳಿಸಿರಲಿಲ್ಲ. ದಡಕ್ಕೆ ತಂದು ತಲೆಕೆಳಗಾಗಿ ಹಿಡಿದು ಹೊಟ್ಟೆ ಒತ್ತಿದರು. ವಾಂತಿ ಮಾಡಿದ, ಕೆಮ್ಮಿದ, ಆಮೇಲೆ ಸರಿಹೋದ. ಆದರೆ ‘ಡ್ರೈ ಡ್ರೌನಿಂಗ್’ ಆಗಿ ವಾರದ ನಂತರವೂ ಮಗು ಸಾಯಬಹುದು ಎಂದು ವಾಟ್ಸಾಪ್‌ನಲ್ಲಿ ಓದಿದ್ದ ನನಗೆ ಎಷ್ಟೋ ದಿನ ನಿದ್ದೆ ಬರಲಿಲ್ಲ. ಊಟ ಮಾಡಿ ನೀರಿಗಿಳಿದಿದ್ದೇ ತಪ್ಪು ಅಂತಾರೆ ಅತ್ತೆ. ‘ನಾವೆಲ್ಲ ಅಲ್ಲೇ ಈಜಿ ಬೆಳೆದವರು, ಈ ಸಲ ಟ್ಯೂಬ್ ತಗೊಂಡು ಹೋದರಾಯ್ತು’ ಅಂತಾರೆ ನಮ್ಮವರು. ನನಗೆ ಹೋಗುವುದೇ ಬೇಡ ಅನ್ನಿಸಿದೆ. ಮಗನ ಜೊತೆ ಹದಿನಾಲ್ಕರ ಮಗಳೂ ನಾಲ್ಕು ವರ್ಷದ ಇನ್ನೊಬ್ಬ ಮಗಳೂ ಇದ್ದಾರೆ. ನನಗೆ ಈಜು ಬರುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಅತಿಯಾದದ್ದಲ್ಲ. ಮಗು ಕಣ್ಣೆದುರೇ, ಸದ್ದಿಲ್ಲದೆ ಮಾಯವಾಗಿದ್ದನ್ನು ನೋಡಿದ ತಾಯಿಗೆ ‘ಏನೂ ಆಗಲಿಲ್ಲವಲ್ಲ, ಬಿಡು’ ಎಂದು ಯಾರಾದರೂ ಹೇಳಿದರೆ ಸಮಾಧಾನ ಆಗುವುದಿಲ್ಲ. ಆಗಬಾರದು ಕೂಡ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವವನು. ನೀರಿನಿಂದ ಎತ್ತಿಕೊಂಡು ಬಂದ ಮಕ್ಕಳ ಮನೆಯವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: ‘ನಾವೆಲ್ಲ ಅಲ್ಲೇ ಇದ್ದೆವು, ಗೊತ್ತಾಗಲೇ ಇಲ್ಲ.’ ನಿಮ್ಮ ಪತ್ರದಲ್ಲೂ ಅದೇ ಇದೆ. ಉತ್ತರವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮುಳುಗುವವರು ಕೈ ಬೀಸಿ ಕೂಗುತ್ತಾರೆ ಅನ್ನುವುದು ಸಿನಿಮಾ ನೋಡಿ ಬಂದ ನಂಬಿಕೆ. ಕೂಗಬೇಕಾದರೆ ಉಸಿರು ಬೇಕು. ಮುಳುಗುತ್ತಿರುವ ಮಗುವಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದು ಕ್ಷಣ ಮೇಲೆ ಬರುತ್ತದೆ, ಮತ್ತೆ ಕೆಳಗೆ ಹೋಗುತ್ತದೆ. ಆ ಒಂದು ಕ್ಷಣದಲ್ಲಿ ಅದು ಉಸಿರು ಎಳೆದುಕೊಳ್ಳಬೇಕೋ, ಅಮ್ಮಾ ಅನ್ನಬೇಕೋ? ಕೈಗಳು ತಾವಾಗಿಯೇ ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತವೆ. ಬೀಸಲು ಆಗುವುದೇ ಇಲ್ಲ. ಮೈ ನೆಟ್ಟಗೆ ನಿಂತಂತಿರುತ್ತದೆ, ಕಾಲು ಬಡಿಯುವುದಿಲ್ಲ, ತಲೆ ಹಿಂದಕ್ಕೆ ವಾಲಿರುತ್ತದೆ. ದೂರದಿಂದ ನೋಡಿದವರಿಗೆ ಮಗು ನೀರಿನಲ್ಲಿ ನಿಂತು ಆಕಾಶ ನೋಡುತ್ತಿದೆ ಅನ್ನಿಸುತ್ತದೆ. ಅಮೆರಿಕದ ಜೀವರಕ್ಷಕ ಫ್ರಾನ್ಸೆಸ್ಕೊ ಪಿಯಾ ಇಂಥ ಘಟನೆಗಳ ಚಿತ್ರೀಕರಣ ನೋಡಿ ಇದನ್ನು ಮೊದಲು ವಿವರವಾಗಿ ಬರೆದರು. ಅವರ ಪ್ರಕಾರ ಈ ಹೋರಾಟ 20ರಿಂದ 60 ಸೆಕೆಂಡಿನಲ್ಲಿ ಮುಗಿಯುತ್ತದೆ, ಮಕ್ಕಳಲ್ಲಿ ಇನ್ನೂ ಬೇಗ. ನಿಮ್ಮ ಮಗ ಕೂಗದಿದ್ದದ್ದು ವಿಚಿತ್ರವಲ್ಲ. ನಿಮ್ಮ ಮೈದುನ ಆ ಹೊತ್ತಿಗೆ ಆ ಕಡೆ ನೋಡಿದ್ದೇ ಅವನನ್ನು ಉಳಿಸಿತು.

ಇನ್ನು, ಸೊಂಟದಷ್ಟು ನೀರಿನಲ್ಲಿ ಇದ್ದವನು ಮುಳುಗಿದ್ದು ಹೇಗೆ? ಇದಕ್ಕೆ ಉತ್ತರ ಆ ಜಾಗದಲ್ಲೇ ಇದೆ. ‘ನಾವು ಅಲ್ಲೇ ಈಜಿ ಬೆಳೆದವರು’ ಅನ್ನುವ ನಿಮ್ಮವರ ಮಾತು ಸುಳ್ಳಲ್ಲ. ಆದರೆ ಅವರು ಈಜಿದ ‘ಅಲ್ಲಿ’ ಈಗ ಅದೇ ಜಾಗದಲ್ಲಿ ಇಲ್ಲ.

ಹಿನ್ನೀರು ಸಹಜವಾದ ಕೆರೆ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ನೀರು ನಿಂತಿದ್ದು ಊರುಗಳ ಮೇಲೆ. ಗದ್ದೆ, ಅಡಿಕೆ ತೋಟ, ಹಳ್ಳ, ಬಾವಿ, ಮನೆಯ ಅಡಿಪಾಯ, ಕಾಡು ಎಲ್ಲವೂ ಕೆಳಗಿವೆ. ಸಾಗರದ ಕಡೆಯ ಹಿರಿಯರು ಇದನ್ನು ಇವತ್ತಿಗೂ ‘ಮುಳುಗಡೆ’ ಎಂದೇ ಕರೆಯುತ್ತಾರೆ. ಅದಕ್ಕೂ ಹಿಂದೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಇದರೊಳಗೆ ಮುಳುಗಿದೆ. ನೀರು ತುಂಬಾ ಇಳಿದ ಬೇಸಿಗೆಯಲ್ಲಿ ಅದು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಷ್ಟು ದೊಡ್ಡ ಕಟ್ಟಡವೇ ಒಂದು ವರ್ಷ ಕಂಡು ಇನ್ನೊಂದು ವರ್ಷ ಕಾಣದಿದ್ದರೆ, ಒಂದು ಗದ್ದೆಯ ಬದು ಎಲ್ಲಿದೆ ಎಂದು ಯಾರಿಗೆ ಗೊತ್ತಿರುತ್ತದೆ?

ಮಲೆನಾಡಿನ ಗದ್ದೆಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಮೇಲಿನ ಗದ್ದೆಯಲ್ಲಿ ನಿಂತವನಿಗೆ ಸೊಂಟದಷ್ಟು ನೀರು. ಬದು ದಾಟಿ ಒಂದು ಹೆಜ್ಜೆ ಇಟ್ಟರೆ ಕತ್ತು ಮುಳುಗುವಷ್ಟು. ಹಳೆಯ ಹಳ್ಳದ ಪಾತ್ರವೋ ಮಣ್ಣು ತೆಗೆದ ಗುಂಡಿಯೋ ಸಿಕ್ಕರೆ ದೊಡ್ಡವರಿಗೂ ನೆಲ ಸಿಗುವುದಿಲ್ಲ. ನಿಮ್ಮ ಮಗನಿಗೆ ಆಗಿದ್ದು ಬಹುಶಃ ಇಂಥದ್ದೇ. ನೀರು ಕದಡಿದ್ದರೆ ತಳ ಕಾಣುವುದೂ ಇಲ್ಲ.

ಜೊತೆಗೆ ದಡವೂ ಒಂದೇ ಕಡೆ ನಿಲ್ಲುವುದಿಲ್ಲ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಮಳೆಗಾಲ ಮುಗಿದ ಮೇಲೆ ವಿದ್ಯುತ್ತಿಗಾಗಿ ನೀರು ಬಿಡುತ್ತಾ ಹೋಗುತ್ತಾರೆ, ಬೇಸಿಗೆಗೆ ದಡ ದೂರ ಸರಿದಿರುತ್ತದೆ. ಎಷ್ಟು ದೂರ ಅನ್ನುವುದು ಆ ವರ್ಷದ ಮಳೆಗೆ ಬಿಟ್ಟದ್ದು. 2023ರಲ್ಲಿ ಮಳೆ ಕೈಕೊಟ್ಟಿತು, ಮುಂದಿನ ಬೇಸಿಗೆಯಲ್ಲಿ ನೀರು ಎಲ್ಲೋ ಕೆಳಗಿತ್ತು. 2024ರ ಮಳೆಗಾಲದಲ್ಲಿ ಅಣೆಕಟ್ಟು ತುಂಬಿ ಗೇಟು ತೆಗೆದರು. ಈ ಎರಡು ವರ್ಷಗಳ ನಂತರ ಬಂದ ಬೇಸಿಗೆಗಳಲ್ಲಿ ನಿಮ್ಮ ಕುಟುಂಬ ‘ಅದೇ ಜಾಗ’ಕ್ಕೆ ಹೋಗಿದೆ ಎಂದುಕೊಂಡಿರಬಹುದು. ಮೇಲಿನ ದಾರಿ, ಅದೇ ಮಾವಿನ ಮರ, ಅದೇ ಬಂಡೆ ಇರಬಹುದು. ಕಾಲಿನ ಕೆಳಗಿನ ನೆಲ ಮಾತ್ರ ಬೇರೆ.

ಹಾಗಾಗಿ, ಹೊಸ ಜಾಗಕ್ಕಿಂತ ಪರಿಚಯದ ಜಾಗವೇ ನನಗೆ ಹೆಚ್ಚು ಆತಂಕ ಹುಟ್ಟಿಸುತ್ತದೆ. ಹೊಸ ಕಡೆ ಹೋದಾಗ ನಾವು ಕೇಳುತ್ತೇವೆ, ನಿಧಾನಕ್ಕೆ ಇಳಿಯುತ್ತೇವೆ, ಮಕ್ಕಳ ಕೈ ಹಿಡಿಯುತ್ತೇವೆ. ಪ್ರತಿ ವರ್ಷ ಹೋಗುವ ಕಡೆ ಟವೆಲ್ ಎಸೆದು ನೇರ ಧುಮುಕುತ್ತೇವೆ. ಅಲ್ಲಿ ನೀರಿನೊಳಗೆ ನಿಂತಿರುವ ಮರದ ಬೊಡ್ಡೆಗಳು ಎಷ್ಟೋ ಇವೆ. ತಲೆ ಮುಂದಾಗಿ ಧುಮುಕಿದವರ ಕತ್ತಿನ ಮೂಳೆ ಮುರಿದರೆ ಕೈಕಾಲು ಶಾಶ್ವತವಾಗಿ ಹೋಗಬಹುದು. ಯಾವ ವರ್ಷವೂ, ಯಾರೂ ಹಿನ್ನೀರಿಗೆ ತಲೆ ಮುಂದಾಗಿ ಧುಮುಕಬಾರದು. ಈ ಮಾತಿಗೆ ನನ್ನಲ್ಲಿ ವಿನಾಯಿತಿ ಇಲ್ಲ.

ನೀರು ಇಳಿದ ಜಾಗದ ಕೆಸರನ್ನೂ ಮರೆಯಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಹಸಿ ಹೂಳು. ಮಗುವಿನ ಕಾಲು ಮೊಣಕಾಲಿನವರೆಗೆ ಹುಗಿದರೆ ತಾನೇ ಬಿಡಿಸಿಕೊಳ್ಳುವುದು ಕಷ್ಟ.

ಈಗ ನಿಮ್ಮ ಮನೆಯವರ ಮಾತುಗಳಿಗೆ ಬರುತ್ತೇನೆ. ಊಟ ಮಾಡಿ ಈಜಿದರೆ ಹೊಟ್ಟೆ ಹಿಡಿದು ಮುಳುಗುತ್ತಾರೆ ಅನ್ನುವುದು ಬೇರೆ ದೇಶಗಳಲ್ಲೂ ಇರುವ ನಂಬಿಕೆ. ಅಮೆರಿಕನ್ ರೆಡ್ ಕ್ರಾಸ್‌ನ ವೈಜ್ಞಾನಿಕ ಸಲಹಾ ಮಂಡಳಿ 2011ರಲ್ಲಿ ಇದನ್ನು ಪರಿಶೀಲಿಸಿ, ಊಟಕ್ಕೂ ಮುಳುಗುವುದಕ್ಕೂ ಸಂಬಂಧ ತೋರಿಸುವ ಪುರಾವೆ ಇಲ್ಲ ಎಂದು ಹೇಳಿತು. ಹಾಗಂತ ನಿಮ್ಮ ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಮಧ್ಯಾಹ್ನದ ಊಟ ಆದ ಮೇಲಿನ ಹೊತ್ತು ನಿಜಕ್ಕೂ ಅಪಾಯದ್ದೇ, ಆದರೆ ಕಾರಣ ಬೇರೆ. ಹಲಸಿನ ಹಣ್ಣಿನ ಪಾಯಸ ಉಂಡು ದೊಡ್ಡವರು ಜಗಲಿಯಲ್ಲಿ ಅಡ್ಡಾಗಿರುತ್ತಾರೆ, ಅಡುಗೆ ಮನೆಯವರು ಪಾತ್ರೆ ತೊಳೆಯುತ್ತಿರುತ್ತಾರೆ. ಮಕ್ಕಳಿಗೆ ಮಾತ್ರ ನಿದ್ದೆ ಇಲ್ಲ. ಸದ್ದಿಲ್ಲದೆ ನೀರಿನ ಕಡೆ ಜಾರುವ ಹೊತ್ತು ಅದು. ‘ಊಟ ಆದ ಮೇಲೆ ನೀರಿಗೆ ಹೋಗಬೇಡಿ’ ಅನ್ನುವ ಅತ್ತೆಯ ನಿಯಮ ಮನೆಯಲ್ಲಿ ಹಾಗೇ ಇರಲಿ, ಒಳ್ಳೆಯದೇ. ಕುಡಿದು ನೀರಿಗಿಳಿಯುವುದು ಮಾತ್ರ ಬೇರೆಯೇ ವಿಷಯ. ಅದರ ಅಪಾಯಕ್ಕೆ ಪುರಾವೆ ಸಾಕಷ್ಟಿದೆ. ಬಿಯರ್ ಕುಡಿದವರು ಈಜುವುದೂ ಬೇಡ, ಮಕ್ಕಳನ್ನು ಕಾಯುವುದೂ ಬೇಡ.

ಟ್ಯೂಬ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಲಾರಿ ಟ್ಯೂಬ್ ಆಗಲಿ, ತೋಳಿಗೆ ಹಾಕುವ ಗಾಳಿ ಚೀಲವಾಗಲಿ, ಆಟದ ಸಾಮಾನು. ಮಗು ಟ್ಯೂಬಿನ ತೂತಿನಿಂದ ಕೆಳಗೆ ಜಾರುತ್ತದೆ. ಟ್ಯೂಬ್ ಮಗುಚಿದರೆ ತಲೆ ಕೆಳಗೆ, ಕಾಲು ಮೇಲೆ. ಹಿನ್ನೀರು ತುಂಬಿದಾಗ ಸುಮಾರು 300 ಚದರ ಕಿಲೋಮೀಟರ್ ಹರಡುತ್ತದೆ. ಅಷ್ಟು ಬಯಲಲ್ಲಿ ಗಾಳಿ ಬೀಸಿದರೆ ಹಗುರವಾದ ಟ್ಯೂಬ್ ಮಗುವಿನ ಸಮೇತ ಒಳಕ್ಕೆ ತೇಲಿ ಹೋಗುತ್ತದೆ, ಅದನ್ನು ಹಿಡಿಯಲು ಹೋದವರು ಸುಸ್ತಾಗುತ್ತಾರೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಟ್ಯೂಬ್ ಇದೆಯಲ್ಲ ಎಂದು ದೊಡ್ಡವರು ಆ ಕಡೆ ನೋಡುವುದನ್ನೇ ಬಿಡುತ್ತಾರೆ.

ಆ ದುಡ್ಡಿಗೆ ಲೈಫ್ ಜಾಕೆಟ್ ಕೊಳ್ಳಿ. ಮಗುವಿನ ತೂಕಕ್ಕೆ ಸರಿಯಾದದ್ದೇ ಬೇಕು, ‘ಬೆಳೆಯುತ್ತಾನೆ, ದೊಡ್ಡದಿರಲಿ’ ಅನ್ನುವ ಲೆಕ್ಕ ಇಲ್ಲಿ ನಡೆಯದು. ಬಕಲ್‌ಗಳನ್ನೆಲ್ಲ ಹಾಕಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ನೀರಿನಲ್ಲಿ ಕಳಚಿಕೊಳ್ಳುತ್ತದೆ. ಚಿಕ್ಕವಳಿಗೆ ಕಾಲಿನ ನಡುವೆ ಕಟ್ಟುವ ಪಟ್ಟಿ ಇರುವಂಥದ್ದು ತನ್ನಿ. ದೋಣಿ, ತೆಪ್ಪ ಹತ್ತುವಾಗ ದೊಡ್ಡವರಿಗೂ ಜಾಕೆಟ್ ಬೇಕು.

ತಲೆಕೆಳಗೆ ಮಾಡಿ ಹೊಟ್ಟೆ ಒತ್ತಿದ್ದನ್ನು ನಾನು ಬೈಯುವುದಿಲ್ಲ. ಗಾಬರಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಮುಂದೆ ಯಾರೂ ಹಾಗೆ ಮಾಡಬಾರದು. ಹೊಟ್ಟೆ ಒತ್ತಿದರೆ ಹೊರಗೆ ಬರುವುದು ಹೊಟ್ಟೆಯ ನೀರು ಮತ್ತು ಅನ್ನ. ಅದು ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಟ್ಟದು. ಮುಳುಗಿದವರ ಸಮಸ್ಯೆ ಹೊಟ್ಟೆಯಲ್ಲಿಲ್ಲ, ಉಸಿರಿನಲ್ಲಿದೆ. ಮೆದುಳಿಗೆ ಆಮ್ಲಜನಕ ಇಲ್ಲದೆ ಹೋಗುವ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನೀರು ತೆಗೆಯುತ್ತಾ ಕೂತರೆ ಆ ನಿಮಿಷಗಳು ಹೋಗುತ್ತವೆ.

ಎತ್ತಿದ ಮಗು ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಿ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಎದೆ ಉಬ್ಬುವುದು ಕಾಣುವಷ್ಟು ಐದು ಸಲ ಊದಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಊದಿ. ಮತ್ತೆ 30, ಮತ್ತೆ ಎರಡು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಮಕ್ಕಳಿಗೆ ಎದೆಯ ಮೂರನೇ ಒಂದು ಭಾಗದಷ್ಟು ಆಳಕ್ಕೆ, ದೊಡ್ಡವರಿಗೆ ಐದಾರು ಸೆಂಟಿಮೀಟರ್. ಇದ್ದಕ್ಕಿದ್ದಂತೆ ಹೃದಯ ನಿಂತವರಿಗೆ ‘ಬರೀ ಎದೆ ಒತ್ತಿದರೆ ಸಾಕು’ ಎಂದು ನೀವು ಕೇಳಿರಬಹುದು. ಮುಳುಗಿದವರಿಗೆ ಅದು ಸಾಲದು, ಅವರಿಗೆ ಮೊದಲು ಬೇಕಾದದ್ದು ಉಸಿರು. ಮಧ್ಯೆ ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ, ಒರೆಸಿ, ಮುಂದುವರಿಸಿ. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಇದನ್ನು ಓದಿ ಕಲಿಯುವುದಕ್ಕಿಂತ ಗೊಂಬೆಯ ಮೇಲೆ ಒತ್ತಿ ಕಲಿಯುವುದು ಒಳ್ಳೆಯದು. ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲಿ ಅರ್ಧ ದಿನದ ತರಬೇತಿ ಸಿಗುತ್ತದೆ. ನೀವಿಬ್ಬರೂ ಹೋಗಿ ಬನ್ನಿ.

ಇನ್ನು ವಾಟ್ಸಾಪಿನ ‘ಡ್ರೈ ಡ್ರೌನಿಂಗ್’. ವೈದ್ಯರು ಈಗ ಆ ಹೆಸರನ್ನೇ ಬಳಸುವುದಿಲ್ಲ. 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಮುಳುಗುವಿಕೆಗೆ ಒಂದೇ ವ್ಯಾಖ್ಯಾನ ಒಪ್ಪಿಕೊಂಡರು, ‘ಒಣ’, ‘ಎರಡನೇ ಹಂತದ’ ಅನ್ನುವ ಹೆಸರುಗಳನ್ನು ಕೈಬಿಟ್ಟರು. ನೀರು ಕುಡಿದ ಮಗು ಪೂರ್ತಿ ಸರಿಯಾಗಿ ಆಟವಾಡಿಕೊಂಡಿದ್ದು, ವಾರದ ನಂತರ ಅದೇ ಕಾರಣಕ್ಕೆ ಇದ್ದಕ್ಕಿದ್ದಂತೆ ಸಾಯುವುದಿಲ್ಲ. ಶ್ವಾಸಕೋಶಕ್ಕೆ ಪೆಟ್ಟಾಗಿದ್ದರೆ ಲಕ್ಷಣಗಳು ಸಾಮಾನ್ಯವಾಗಿ ಎಂಟು ಗಂಟೆಯೊಳಗೆ ಕಾಣುತ್ತವೆ: ನಿಲ್ಲದ ಕೆಮ್ಮು, ಏದುಸಿರು, ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋಗುವುದು, ಬಾಯಲ್ಲಿ ನೊರೆ, ಅಸಹಜ ನಿದ್ದೆ, ಪದೇ ಪದೇ ವಾಂತಿ. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೋಗಬೇಕು. ಪ್ರಜ್ಞೆ ತಪ್ಪಿದ್ದರೆ ಅಥವಾ ಬಾಯಿಗೆ ಉಸಿರು ಕೊಡಬೇಕಾಗಿ ಬಂದಿದ್ದರೆ, ಮಗು ಎದ್ದು ಕೂತು ನಕ್ಕರೂ ಹೋಗಲೇಬೇಕು. ನಿಮ್ಮ ಮಗ ಹೋದ ವರ್ಷವೇ ಚೇತರಿಸಿಕೊಂಡಿದ್ದಾನೆ. ಆ ಒಂದು ಭಯವನ್ನು ನೀವು ಇವತ್ತೇ ಇಳಿಸಿಬಿಡಬಹುದು.

ಹೋಗಬೇಕೋ ಬೇಡವೋ? ಹೋಗದೇ ಇರಬಹುದು, ಅದೂ ಒಂದು ದಾರಿಯೇ. ಆದರೆ ಅದರಲ್ಲೂ ಅಪಾಯ ಇದೆ. ಮಕ್ಕಳಿಗೆ ಅಜ್ಜನ ಮನೆ, ಅಣ್ಣತಮ್ಮಂದಿರ ಒಡನಾಟ ತಪ್ಪುತ್ತದೆ. ಇನ್ನು ನಾಲ್ಕು ವರ್ಷಕ್ಕೆ ಮಗಳು ಗೆಳತಿಯರ ಜೊತೆ ಯಾವುದೋ ಹೊಳೆಗೆ ಹೋಗುತ್ತಾಳೆ, ನೀರಿನ ಬಗ್ಗೆ ಏನೂ ಗೊತ್ತಿಲ್ಲದೆ. ಊರಿಗೆ ಹೋಗಿ ನೀರಿಗೆ ಮಾತ್ರ ಇಳಿಯದಿರುವುದು ಇನ್ನೊಂದು ದಾರಿ. ಮನೆಯಿಂದ ನೀರು ಕಾಣುತ್ತಿದ್ದು, ಜೊತೆಯ ಮಕ್ಕಳೆಲ್ಲ ಆಡುತ್ತಿದ್ದರೆ ಅದು ಎರಡು ದಿನವೂ ನಡೆಯುವುದಿಲ್ಲ. ಕದ್ದು ಹೋಗುವ ಮಗುವಿಗೆ ಕಾವಲು ಇರುವುದಿಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಹಿನ್ನೀರಿನ ದಡದಲ್ಲೇ ಇರುವ ಹೊನ್ನೆಮರಡುವಿನಂಥ ಕಡೆ ಜಾಕೆಟ್ ಹಾಕಿಸಿ, ತರಬೇತಿ ಪಡೆದವರ ಜೊತೆ ನೀರಿಗಿಳಿಸುವ ವ್ಯವಸ್ಥೆ ಇದೆ. ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಹೋಗಿ. ಆದರೆ ಹಿಂದಿನ ಹಾಗೆ ಬೇಡ.

ನೀರಿನ ಹತ್ತಿರ ಹೆಚ್ಚು ಜನ ಇದ್ದಷ್ಟೂ ಕ್ಷೇಮ ಎಂದು ನಾವು ಅಂದುಕೊಳ್ಳುತ್ತೇವೆ. ಆಗುವುದು ತಿರುಗಾಮುರುಗಾ. ಅಮ್ಮ ನೋಡುತ್ತಾಳೆ ಎಂದು ಅಪ್ಪ, ಅಪ್ಪ ನೀರಲ್ಲೇ ಇದ್ದಾನಲ್ಲ ಎಂದು ಅಮ್ಮ, ಅಣ್ಣ ಇದ್ದಾನೆ ಎಂದು ಅತ್ತೆ. ಹಾಗಾಗಿ ಒಬ್ಬರ ಹೆಸರು ಹಿಡಿದು ಹೇಳಬೇಕು. ಇಪ್ಪತ್ತು ನಿಮಿಷಕ್ಕೆ ಒಬ್ಬರ ಪಾಳಿ. ಪಾಳಿಯಲ್ಲಿ ಇರುವವರು ಈಜುವುದಿಲ್ಲ, ಫೋನ್ ಮುಟ್ಟುವುದಿಲ್ಲ, ಮಂಡಕ್ಕಿ ಹಂಚುವುದಿಲ್ಲ, ಸುಮ್ನೆ ಮಕ್ಕಳ ತಲೆ ಎಣಿಸುತ್ತಾ ಕೂರುತ್ತಾರೆ. ಕುತ್ತಿಗೆಗೆ ಒಂದು ಸೀಟಿ ಹಾಕಿಕೊಳ್ಳಲಿ. ಪಾಳಿ ಮುಗಿದಾಗ ಸೀಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ‘ಈಗ ನೀವು ನೋಡಿ’ ಎಂದು ಬಾಯಿಬಿಟ್ಟು ಹೇಳಬೇಕು. ಈಜು ಬಾರದ ನೀವೂ ಪಾಳಿಗೆ ಕೂರಬಹುದು. ಚಿಕ್ಕವಳಿಗೆ ಮಾತ್ರ ಪಾಳಿ ಸಾಲದು, ಅವಳ ಪಕ್ಕ ಯಾವಾಗಲೂ ಕೈಗೆಟಕುವಷ್ಟು ಹತ್ತಿರ ಒಬ್ಬರು ಇರಬೇಕು. ಕಾವಲು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಬಾಂಗ್ಲಾದೇಶದ ಉದಾಹರಣೆ ಇದೆ. ಅಲ್ಲಿಯ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಐದು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳಲು ಶಿಶುಕೇಂದ್ರಗಳನ್ನು ತೆರೆದರು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವುದು ಸುಮಾರು 80% ಕಡಿಮೆಯಾಯಿತು.

ಹೋದ ಮೊದಲ ದಿನ ಬೆಳಿಗ್ಗೆ, ಮಕ್ಕಳು ಏಳುವ ಮುಂಚೆ, ನಿಮ್ಮವರು ಮತ್ತು ಮೈದುನ ಜಾಕೆಟ್ ಹಾಕಿಕೊಂಡು ಅಡಿಕೆ ಕೊಯ್ಯುವ ದೋಟಿ ಹಿಡಿದು ನೀರಿಗೆ ಇಳಿಯಲಿ. ತಳ ಕುಟ್ಟುತ್ತಾ ಹೋಗಿ ಎಲ್ಲಿ ಬದು, ಎಲ್ಲಿ ಗುಂಡಿ, ಎಲ್ಲಿ ಬೊಡ್ಡೆ ನೋಡಿ, ಗಳ ನೆಟ್ಟು ಬಣ್ಣದ ಬಟ್ಟೆ ಕಟ್ಟಲಿ. ಮಕ್ಕಳು ಅದರ ಈಚೆಗೇ ಇರಬೇಕು, ಅದೂ ಎದೆಮಟ್ಟಕ್ಕಿಂತ ಕಡಿಮೆ ನೀರಿನಲ್ಲಿ. ಊರಿನ ದೋಣಿಯವರನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ. ‘ನಾನು ಇಲ್ಲೇ ಬೆಳೆದವನು’ ಅನ್ನುವ ನಿಮ್ಮವರ ಹೆಮ್ಮೆ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಆ ದೋಟಿಯನ್ನು ದಡದಲ್ಲೇ ಇಟ್ಟಿರಿ. ಜೊತೆಗೆ ಒಂದು ಉದ್ದದ ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನ್ ಕಟ್ಟಿಡಿ. ಕ್ಯಾನಿನೊಳಗೆ ಸ್ವಲ್ಪ ನೀರು ಬಿಟ್ಟರೆ ದೂರಕ್ಕೆ ಎಸೆಯಲು ಭಾರ ಸಿಗುತ್ತದೆ. ಯಾರಾದರೂ ಮುಳುಗಿದರೆ ಮೊದಲು ಚಾಚಿ, ಸಿಗದಿದ್ದರೆ ಎಸೆಯಿರಿ, ಹಾರಬೇಡಿ. ಒಂದೇ ಮನೆಯ ಮೂರು ನಾಲ್ಕು ಜನ ಒಟ್ಟಿಗೆ ಹೋದ ಸುದ್ದಿಗಳನ್ನು ನೀವೂ ಓದಿದ್ದೀರಿ ಅಲ್ವಾ? ಒಬ್ಬರನ್ನು ಉಳಿಸಲು ಇನ್ನೊಬ್ಬರು ಹಾರುತ್ತಾರೆ, ಮುಳುಗುವವರು ಕತ್ತು ಅಪ್ಪಿ ಹಿಡಿಯುತ್ತಾರೆ. ಸೀರೆ, ಚೂಡಿದಾರ ಉಟ್ಟು ಹಾರಿದ ತಾಯಿಗೆ ನೆನೆದ ಬಟ್ಟೆಯೇ ಶತ್ರು. ನಿಮ್ಮ ಹದಿನಾಲ್ಕರ ಮಗಳಿಗೆ ಕ್ಯಾನ್ ಎಸೆಯುವುದನ್ನು ಕಲಿಸಿ, ಸಂಜೆ ಆಟದ ಹಾಗೆ ಅಭ್ಯಾಸ ಮಾಡಿಸಿ. ಆ ವಯಸ್ಸಿನವರಿಗೆ ‘ಬೇಡ’ ಅನ್ನುವುದಕ್ಕಿಂತ ಒಂದು ಜವಾಬ್ದಾರಿ ಕೊಡುವುದು ಚೆನ್ನಾಗಿ ಹಿಡಿಸುತ್ತದೆ.

ಆ ಕಡೆ ಕೆಲವು ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ದಡದಿಂದ ಎಷ್ಟು ದೂರ ಹೋದರೆ ಫೋನ್ ತಗಲುತ್ತದೆ, ರಾತ್ರಿಯೂ ಆಮ್ಲಜನಕ ಇರುವ ಹತ್ತಿರದ ಆಸ್ಪತ್ರೆ ಯಾವುದು, ವಾಹನ ಯಾರದ್ದು, ಇದನ್ನೆಲ್ಲ ಮೊದಲೇ ಗೊತ್ತುಮಾಡಿಕೊಳ್ಳಿ. ನಿಮ್ಮ ಊರು ತುಮರಿಯ ಕಡೆಯಾದರೆ, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದರಿಂದ ಲಾಂಚ್‌ಗೆ ಕಾಯುವ ಕಷ್ಟ ತಪ್ಪಿದೆ. ತುರ್ತು ಹೊತ್ತಿನಲ್ಲಿ ಇದು ಸಣ್ಣ ವಿಷಯವಲ್ಲ.

ನೀವು ಕೇಳದಿದ್ದರೂ ಒಂದು ಮಾತು. ಏಪ್ರಿಲ್, ಮೇ ಅಂದರೆ ಉಣುಗು (ಉಣ್ಣೆ) ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ ಇನ್ನೂ ಮುಗಿದಿರುವುದಿಲ್ಲ. ನೀರಿಗೆ ಹೋಗುವ ದಾರಿ ಕಾಡಿನೊಳಗಿದ್ದರೆ ಮೈತುಂಬ ಬಟ್ಟೆ ಹಾಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿ. ಬಂದ ಮೇಲೆ ಮಕ್ಕಳ ಮೈಮೇಲೆ ಉಣುಗು ಹತ್ತಿದೆಯೇ ನೋಡಿ, ಬಿಸಿನೀರಿನ ಸ್ನಾನ ಮಾಡಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕೊನೆಗೆ ಈಜು. ರಜೆಗೆ ಇನ್ನೂ ಕೆಲವು ತಿಂಗಳು ಇವೆ. ಮೂವರನ್ನೂ ಈಗಲೇ ಈಜು ತರಗತಿಗೆ ಸೇರಿಸಿ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕ್ರಮವಾಗಿ ಈಜು ಕಲಿತ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಮುಳುಗುವ ಅಪಾಯ 88% ಕಡಿಮೆ ಕಂಡುಬಂದಿತ್ತು. ವೇಗವಾಗಿ ಈಜುವುದು ಮುಖ್ಯವಲ್ಲ. ಅಂಗಾತ ತೇಲುವುದು, ನೀರಿನಲ್ಲಿ ಬಿದ್ದಾಗ ತಿರುಗಿ ದಡದ ಕಡೆ ಬರುವುದು, ಇವೆರಡನ್ನು ಕಲಿಸಿ ಎಂದು ಕೋಚ್‌ಗೆ ಹೇಳಿ. ಈಜುಕೊಳದಲ್ಲಿ ತಳ ಕಾಣುತ್ತದೆ, ಹಿಡಿಯಲು ಅಂಚು ಇರುತ್ತದೆ. ಹಿನ್ನೀರಿನಲ್ಲಿ ಎರಡೂ ಇಲ್ಲ. ಆದ್ದರಿಂದ ಈಜು ಬಂತೆಂದು ಜಾಕೆಟ್ಟನ್ನೂ ಪಾಳಿಯನ್ನೂ ಬಿಡಬೇಡಿ. ಹೆಂಗಸರಿಗೆ ಪ್ರತ್ಯೇಕ ತರಗತಿ ಇರುವ ಕೊಳಗಳು ಬೆಂಗಳೂರಿನಲ್ಲಿ ಇವೆ, ದೊಡ್ಡವರಿಗೂ ಕೆಲವೇ ವಾರಗಳಲ್ಲಿ ತೇಲುವಷ್ಟು ಬರುತ್ತದೆ. ಮಕ್ಕಳ ಅರ್ಜಿ ತುಂಬುವಾಗ ನಿಮ್ಮದೂ ಒಂದು ತುಂಬಿ.